ತಳ ತೂತಾದ ಬಟ್ಟಲು

"ಕೈ ತೆಗೀರಿ!"

ಅವಳು ಕೈ ತೆಗೆಯುವಷ್ಟರಲ್ಲಿ ಉಳಿ ಮರಕ್ಕೆ ಕಚ್ಚಿಕೊಂಡಿತ್ತು. ಮರ ಕಡೆಯುವ ಲೇತ್ ಮೇಲೆ ಗಿರಗಿರ ತಿರುಗುತ್ತಿದ್ದ ಅರೆಬರೆ ಬಟ್ಟಲು ಕಿತ್ತು ಹಾರಿ, ಬಾಗಿಲಲ್ಲಿ ನಿಂತಿದ್ದವನ ಕಿವಿಯ ಪಕ್ಕದಲ್ಲೇ ಗೋಡೆಗೆ ಬಡಿಯಿತು.

ಅವನು ಒಂದೇ ನೆಗೆತಕ್ಕೆ ಒಳಗೆ ಬಂದು ಸ್ವಿಚ್ ಆರಿಸಿದ.

"ಹೀಗೆ ಹಿಡಿಯೋಕೆ ಯಾರ್ರೀ ಹೇಳಿಕೊಟ್ಟಿದ್ದು?"

"ಹೇಳಿಕೊಡೋರು ಇದ್ದಿದ್ರೆ ಹೀಗಾಗ್ತಿತ್ತಾ?" ಎದೆ ಡವಗುಟ್ಟುತ್ತಿದ್ದರೂ ಅವಳ ಬಾಯಿ ಸೋಲಲಿಲ್ಲ. "ಅಷ್ಟಕ್ಕೂ ನೀವ್ಯಾರು?"

"ಹೇಳಿಕೊಡೋಕೆ ಬಂದವನು." ಅವನು ಕಿವಿ ಮುಟ್ಟಿ ನೋಡಿಕೊಂಡ. "ಸದ್ಯ, ಕಿವಿ ಇದೆ."

ಅವಳಪ್ಪ ನಲವತ್ತು ವರ್ಷ ಮರದ ಬಟ್ಟಲು ಕಡೆದವರು. ಎರಡು ತಿಂಗಳ ಹಿಂದೆ ಬಲಗೈ ಸ್ವಾಧೀನ ತಪ್ಪಿತ್ತು. "ಲೇತ್ ಮಾರಿಬಿಡೋಣ ಮಗಳೇ," ಎಂದಿದ್ದರು. ಒಂದು ಕಡೆ ಕೂತರೆ ಕಾಲು ಸುಟ್ಟವಳಂತೆ ಏಳುವ, ಅಪ್ಪನಿಂದಲೇ 'ಪಾದರಸ' ಎನಿಸಿಕೊಂಡ ಈ ಹುಡುಗಿ, "ನಾನು ಕಲೀತೀನಿ" ಎಂದು ಹಟ ಹಿಡಿದಳು. ಅಪ್ಪನ ಗೆಳೆಯರೊಬ್ಬರು ತಮ್ಮ ಶಿಷ್ಯನನ್ನು ತಿಂಗಳ ಮಟ್ಟಿಗೆ ಕಳಿಸಿದ್ದರು.

ಪಾಠ ಶುರುವಾಯಿತು.

"ಒತ್ತಬೇಡಿ. ಮೊದಲು ಉಳಿಯ ಬೆನ್ನು ಮರಕ್ಕೆ ಒರಗಲಿ, ಆಮೇಲೆ ಅಲಗು ಕೊಡಿ. ಅಂಚಿನಿಂದ ತಳದ ಕಡೆಗೆ... ಕೈಯಲ್ಲ ರೀ, ಸೊಂಟ ತಿರುಗಲಿ!"

ಮರದ ಹೊಟ್ಟು ಸುರುಳಿಸುರುಳಿಯಾಗಿ ಅವಳ ತೋಳಿನ ಮೇಲೆ ಬೀಳುತ್ತಿತ್ತು. ಅವನು ಬರುವುದು ಐದು ನಿಮಿಷ ತಡವಾದರೆ ಅವಳು ಹತ್ತು ಸಲ ಬಾಗಿಲಿಗೆ ಹೋಗಿಬರುತ್ತಿದ್ದಳು. 'ಏನಾಗಿದೆ ನನಗೆ? ಕಲಿಯೋದು ಬಟ್ಟಲಾ, ಇವನ ಹೆಜ್ಜೆ ಸದ್ದಾ?'

ಮೂರನೇ ವಾರ, ಅಪ್ಪನ ಕೋಣೆಗೆ ಕಾಫಿ ಒಯ್ಯುವಾಗ ಒಳಗಿನ ಮಾತು ಕಿವಿಗೆ ಬಿತ್ತು.

"ಯಜಮಾನ್ರೇ, ನಿಮ್ಮ ಮಗಳಿಗೆ ಕಲಿಸೋಕೆ ನನ್ನ ಕೈಲಾಗಲ್ಲ. ನಾಳೆ ಹೊರಡ್ತೀನಿ. ಬೇರೆ ಯಾರನ್ನಾದ್ರೂ ಕಳಿಸೋಕೆ ಹೇಳ್ತೀನಿ."

ಮುಂದಿನದನ್ನು ಕೇಳಲು ಅವಳು ನಿಲ್ಲಲಿಲ್ಲ. ಕಾಫಿ ಅಡುಗೆಮನೆಯಲ್ಲೇ ತಣ್ಣಗಾಯಿತು.

ಮರುದಿನ ಬೆಳಿಗ್ಗೆ ಒಬ್ಬಳೇ ಲೇತ್‌ಗೆ ಹೊಸ ಮರ ಬಿಗಿದಳು. 'ಕೈಲಾಗಲ್ವಂತೆ! ನಾನೇನು ಅಷ್ಟು ದಡ್ಡಿಯಾ?' ಉಳಿ ಒಳಕ್ಕೆ ಇಳಿಯಿತು... ಇನ್ನೂ ಒಳಕ್ಕೆ... ಇದ್ದಕ್ಕಿದ್ದಂತೆ ಸದ್ದು ಬದಲಾಯಿತು. ಗಾಬರಿಯಲ್ಲಿ ಸ್ವಿಚ್ ಆರಿಸಿದಳು. ಬಟ್ಟಲಿನ ತಳವೇ ಇರಲಿಲ್ಲ!

"ಆಳ ಅಳೆದು ನೋಡಲಿಲ್ವಾ?"

ಬಾಗಿಲಲ್ಲಿ ಅವನು. ಹೆಗಲಿಗೆ ಚೀಲ.

"ಅಳೆದು ಏನಾಗ್ಬೇಕು? ನಿಮ್ಮ ತೀರ್ಪು ಆಗಿದೆಯಲ್ಲ. ಹೊರಡಿ!"

"ಕೇಳಿಸ್ಕೊಂಡ್ರಾ..." ಅವನು ಚೀಲ ಕೆಳಗಿಟ್ಟ. "ಅರ್ಧ ಕೇಳಿದ್ದೀರಿ. ಕಲಿಸೋನ ಕಣ್ಣು ಉಳಿಯ ತುದೀಲಿರಬೇಕು. ಮೊನ್ನೆ ನಿಮ್ಮ ಉಳಿ ಜಾರಿದಾಗ ನಾನು ನೋಡ್ತಾ ಇದ್ದಿದ್ದು ನಿಮ್ಮ ಮುಖಾನ. ನಿಮ್ಮ ಹೆಬ್ಬೆರಳು ಕೂದಲೆಳೇಲಿ ಉಳೀತು. ನನ್ನ ಮೈಮರೆವಿಂದ ಈ ಕೈಗೆ ಏನಾದ್ರೂ ಆಗಿದ್ರೆ..."

ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅವಳಿಗೇ ತಿಳಿಯಲಿಲ್ಲ.

"ಇದನ್ನ ಅಪ್ಪನಿಗೂ ಹೇಳಿದ್ರಾ?"

"ಹೇಳಿದೆ. ನಕ್ಕುಬಿಟ್ರು. ಇದನ್ನ ನನ್ಹತ್ರ ಯಾಕಪ್ಪಾ ಹೇಳ್ತೀಯ, ಅವಳ ಹತ್ರ ಹೇಳು ಅಂದ್ರು."

"ಮತ್ತೆ ಚೀಲ ಯಾಕೆ?"

"ಧೈರ್ಯ ಸಾಲದೇ ಹೋದ್ರೆ ಬೇಕಾಗುತ್ತೆ ಅಂತ."

ಅವಳು ನಕ್ಕಳು, ಕಣ್ಣು ತುಂಬಿಕೊಂಡೇ. ತೋಳಿನ ಹೊಟ್ಟು ಒರೆಸಿಕೊಂಡು ಅವನೆದುರು ಬಂದು ನಿಂತಳು.

"ಹೋಗಬೇಡಿ. ಲೇತ್ ತಿರುಗುವಾಗ ಉಳಿ ನೋಡಿ. ನಿಂತ ಮೇಲೆ ನನ್ನನ್ನ ನೋಡಿ. ಆಗುತ್ತಾ?"

ಅವನು ಲೇತ್ ಕಡೆ ತಿರುಗಿ ನೋಡಿದ.

"ಈಗ ನಿಂತಿದೆ..."

"ಗೊತ್ತು ಕಣೋ," ಎಂದಳು ಮೆಲ್ಲಗೆ. "ನಾನೇ ನಿಲ್ಲಿಸಿದ್ದು."