ಒಡೆಯದೆ ಕಳಚಿದ ಬಳೆಗಳು

ಅನುವಿನ ಅವ್ವನಿಗೆ ಹಸಿವು ಇರಲಿಲ್ಲ.

ಅವತ್ತು ಮಧ್ಯಾಹ್ನವೂ ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಉಳಿಯಿತು. ಅವ್ವ ಕೈ ತೊಳೆದು ಸೀದಾ ಬ್ಯಾರನ್ನಿಗೆ ನಡೆದಳು.

"ಕೋಳಿ ಕೆದಕ್ದಂಗೆ ಕೆದಕಿ ಎದ್ದೋಯ್ತಾಳೆ," ಅಂದಳು ಅಜ್ಜಿ ಚಿಕ್ಕಬೀರಮ್ಮ.

ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನು ಊರಿನ ಎಲ್ಲ ಮನೆಗಳಿಗಿಂತ ಎತ್ತರ. ಒಳಗೆ ಹಗಲಲ್ಲೂ ಕತ್ತಲು. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಸೂರಿನವರೆಗೂ ಸಾಲುಸಾಲಾಗಿ ನೇತುಹಾಕಿ, ಕೆಳಗೆ ಬೆಂಕಿ ಹಾಕುತ್ತಾರೆ. ಒಳಗೆ ಹೋಗುವಾಗ ಒಬ್ಬರು ಎತ್ತಲಾರದಷ್ಟು ಭಾರವಿದ್ದ ಕಡ್ಡಿ, ವಾರದ ಮೇಲೆ ಅನುವಿನ ಕೈಯಲ್ಲೇ ಹೊರಗೆ ಬರುತ್ತದೆ. ಉಳಿದ ಭಾರ ಎಲ್ಲಿ ಹೋಯಿತು? ಬ್ಯಾರನ್ನು ಕುಡಿಯಿತು ಅನ್ನುತ್ತಿದ್ದರು ಮಕ್ಕಳು.

ಅವತ್ತು ಒಣಗಿದ ಸೊಪ್ಪು ಇಳಿಸುವ ದಿನ. ಅಪ್ಪ ಚಲುವರಾಜು ಮೇಲಿನ ಗಳದ ಮೇಲೆ ನಿಂತು ಕಡ್ಡಿ ಇಳಿಬಿಡುತ್ತಿದ್ದ. ಅನು ಕೆಳಗೆ ನಿಂತು ಹಿಡಿಯುತ್ತಿದ್ದಳು. ಒಂದು ಕಡ್ಡಿ ಅಲುಗಿದಾಗ ಸೊಪ್ಪಿನೊಳಗಿಂದ ಏನೋ ಜಾರಿ ಅವಳ ಪಾದದ ಮೇಲೆ ಬಿತ್ತು.

ಹಸಿರು ಗಾಜಿನ ಬಳೆ. ಎಲ್ಲೂ ಒಡೆದಿರಲಿಲ್ಲ. ಬಿಸಿಯಾಗಿತ್ತು.

"ಅಜ್ಜೀ, ಇನ್ನೊಂದು."

ಅಜ್ಜಿ ಬಳೆಯನ್ನು ಸೆರಗಿನಲ್ಲಿ ಹಿಡಿದುಕೊಂಡಳು. ಬರಿಗೈಯಲ್ಲಿ ಮುಟ್ಟಲಿಲ್ಲ. "ಬಳೆಗಾರ ಸೋಪು ಸವರಿ, ಕೈ ಅಮುಕಿ ಬಳೆ ಏರಿಸ್ತಾನೆ. ಬದುಕಿರೋಳ ಕೈಯಿಂದ ಅದು ಒಡೀದೆ ಕಳಚ್ಕತದಾ? ಇದು ಬದುಕಿರೋಳದ್ದಲ್ಲ ಕಣವ್ವ."

"ಮತ್ಯಾರ್ದು?"

"ನಿಮ್ಮ ತಾತನ ಕಾಲ್ದಲ್ಲಿ ಒಬ್ಳು ಆ ಗಳದಿಂದ ಬಿದ್ದು ಸತ್ತಿದ್ಲು."

ಅಜ್ಜಿ ಬಳೆಗೆ ಅರಿಶಿನ ಹಚ್ಚಿ ಬ್ಯಾರನ್ನಿನ ಗೋಡೆಯ ಗೂಡಿನಲ್ಲಿಟ್ಟಳು. ಅಲ್ಲಿ ಆಗಲೇ ನಾಲ್ಕಿದ್ದವು. ಬಾಗಿಲ ಬಳಿ ಹಸಿ ಸೊಪ್ಪು ಕಟ್ಟುತ್ತಿದ್ದ ಅವ್ವ ತಲೆ ಎತ್ತಲಿಲ್ಲ. ಅವಳ ರವಿಕೆಯ ತೋಳು ಖಾಲಿ ಚೀಲದ ಹಾಗೆ ಜೋಲುತ್ತಿತ್ತು.

ಬ್ಯಾರನ್ನು ಸೊಪ್ಪನ್ನು ಮಾತ್ರ ಕುಡಿಯುತ್ತಿಲ್ಲ ಅನ್ನಿಸಿತು ಅನುವಿಗೆ.

"ಅಪ್ಪಾ, ಅವ್ವನ್ನ ತೂಗು," ಅಂದಳು.

ಒಣ ಸೊಪ್ಪಿನ ಬೇಲು ಮೂಟೆಗಳನ್ನು ತೂಗುವ ಮಿಷನ್ನು ಅಲ್ಲೇ ಇತ್ತು. ಅಜ್ಜಿ ಅಡ್ಡ ಬಂದಳು. "ಉಸಿರಾಡೋರ್ನ ಸೊಪ್ಪಿನ ತಕ್ಕಡೀಲಿ ತೂಗಬಾರ್ದು. ಅದುಕ್ಕೆ ರುಚಿ ಹತ್ತುತದೆ."

"ಸುಮ್ಕಿರವ್ವ," ಎಂದು ಅಪ್ಪ ನಕ್ಕು ಅವ್ವನನ್ನು ಹತ್ತಿಸಿದ. ನಲವತ್ತು ಕೆಜಿ.

ಸೊಪ್ಪಿನ ಕೆಲಸಕ್ಕೆಂದು ರಾವಂದೂರಿನಿಂದ ಬಂದಿದ್ದ ಸೋದರತ್ತೆ ವಿಮಲಮ್ಮ ತಾನೇ ಹತ್ತಿ ನಿಂತಳು. ಅವಳೂ ನಲವತ್ತು.

"ನೋಡ್ಲಾ ಅಣ್ಣ, ನಾನೂ ಅಷ್ಟೇಯ. ನಂಗೇನಾಗದೆ? ಎರಡು ಮುದ್ದೆ ನುಂಗ್ತೀನಿ."

"ಇಬ್ರೂ ಒಂದೇ. ಮುಗೀತು ಬುಡು," ಅಂದ ಅಪ್ಪ.

ಅನುವಿಗೆ ಮುಗಿಯಲಿಲ್ಲ. ಅತ್ತೆಯ ತಲೆ ಅವ್ವನ ಕಣ್ಣಿನ ಮಟ್ಟಕ್ಕೂ ಬರುತ್ತಿರಲಿಲ್ಲ. ಸಂಜೆ ಬಿಸಿಲಲ್ಲಿ ಇಬ್ಬರ ನೆರಳೂ ಗೋಡೆಯ ಮೇಲೆ ಬಿದ್ದಿತ್ತು. ಅವ್ವನ ನೆರಳು ಸೊಪ್ಪು ಉದುರಿದ ಕಡ್ಡಿಯ ಹಾಗಿತ್ತು.

ಮಾರನೆಯ ದಿನ ನರ್ಸಮ್ಮ ಊರಿಗೆ ಬಂದರು. ಗಾವಡಗೆರೆ ಕಡೆಯಿಂದ ಬಂದು ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತಿದ್ದವರು. ಅನು ಅವರನ್ನು ಕೈ ಹಿಡಿದು ಬ್ಯಾರನ್ನಿಗೆ ಕರೆತಂದು, ಎರಡು ನಲವತ್ತರ ಕತೆ ಹೇಳಿದಳು.

"ಬರೀ ತೂಕ ನೋಡಿದರೆ ಆಗಲ್ಲ ಕಣೇ. ಆ ತೂಕ ಎಷ್ಟು ಎತ್ತರದವರದ್ದು ಅಂತಲೂ ನೋಡಬೇಕು," ಅಂದರು ನರ್ಸಮ್ಮ. ಇಬ್ಬರನ್ನೂ ಬಾಗಿಲಿಗೆ ಒರಗಿಸಿ ಇದ್ದಿಲಿನಿಂದ ಗೆರೆ ಎಳೆದು ಟೇಪು ಹಿಡಿದರು. ಅವ್ವ ಒಂದು ಮೀಟರ್ ಅರವತ್ತು. ಅತ್ತೆ ಒಂದು ಮೀಟರ್ ನಲವತ್ತೈದು.

"ಎತ್ತರವನ್ನ ಎತ್ತರದಿಂದಲೇ ಗುಣಿಸೋದು. ಬಂದದ್ದರಿಂದ ತೂಕವನ್ನ ಭಾಗಿಸೋದು. ಬಿಎಂಐ ಅಂತಾರೆ. ದೊಡ್ಡವರಿಗೆ ಹದಿನೆಂಟೂವರೆಯಿಂದ ಇಪ್ಪತ್ತೈದರೊಳಗೆ ಇರಬೇಕು."

ಬಾಗಿಲ ಮೇಲೆ ಲೆಕ್ಕ ಬೆಳೆಯಿತು. ಅತ್ತೆಗೆ ಹತ್ತೊಂಬತ್ತು. ಅವ್ವನಿಗೆ ಹದಿನೈದು ಪಾಯಿಂಟ್ ಆರು.

"ನಂದು ಎಷ್ಟು?" ಅಂದಳು ಅನು.

"ಬೆಳೆಯೋ ಮಕ್ಕಳಿಗೆ ಈ ಲೆಕ್ಕ ಹಾಕಲ್ಲ. ನಿಮಗೆ ಬೇರೆ ಇದೆ." ನರ್ಸಮ್ಮ ಅವ್ವನ ಕಡೆ ತಿರುಗಿದರು. "ಅನು, ನಿನ್ನ ತಮ್ಮ ಹುಟ್ಟಿ ವರ್ಷವಾದಾಗ ನಿಮ್ಮವ್ವನನ್ನ ನಾನೇ ತೂಗಿದ್ದೆ. ಐವತ್ತೆರಡು ಕೆಜಿ ಇದ್ದಳು. ಈಗ ನಲವತ್ತು. ಎಲ್ಲಿ, ಕೈ ಕೊಡು ಮಹದೇವಮ್ಮ. ಇದೇನು ದಾರ?"

ಅವ್ವನ ಬಲಗೈಯ ಬಳೆಗಳನ್ನು ಸೊಪ್ಪು ಕಟ್ಟುವ ದಾರದಿಂದ ಮಣಿಕಟ್ಟಿಗೆ ಬಿಗಿಯಲಾಗಿತ್ತು. ಅವ್ವ ಕೈ ಎಳೆದುಕೊಂಡಳು. ನರ್ಸಮ್ಮ ಬಿಡದೆ ಗಂಟು ಬಿಚ್ಚಿದರು.

ಕೈ ಕೆಳಗೆ ಇಳಿಯಿತು. ಎರಡು ಹಸಿರು ಬಳೆ ಅಂಗೈ ದಾಟಿ, ಬೆರಳು ದಾಟಿ, ಸದ್ದಿಲ್ಲದೆ ಸೊಪ್ಪಿನ ರಾಶಿಯ ಮೇಲೆ ಬಿದ್ದವು. ಒಡೆಯಲಿಲ್ಲ.

ಅಜ್ಜಿ ಗೂಡಿನ ಕಡೆ ನೋಡಿದಳು.

"ಅವೂ ನಿಂದೇಯಾ?"

"ಊಂ."

"ಮತ್ಯಾಕೆ ಯೋಳ್ನಿಲ್ಲ? ನಾನು ಅರಿಶಿನ ಹಚ್ಚಿ ಕೈ ಮುಗೀತಿದ್ನಲ್ಲೇ."

"ದೆವ್ವ ಅಂದ್ರೆ ನೀವು ಅದುಕ್ಕೆ ಕೈ ಮುಗೀತೀರಿ. ಕಾಯ್ಲೆ ಅಂದ್ರೆ ನನ್ನ ಕೂರುಸ್ತೀರಿ," ಅಂದಳು ಅವ್ವ. "ನಾ ಕೂತ್ಕಂಡ್ರೆ ಸೊಪ್ಪು ಯಾರು ಕಟ್ತಾರತ್ತೆ?"

ನರ್ಸಮ್ಮ ಕೇಳುತ್ತ ಹೋದರು. ಬೆಳಿಗ್ಗೆ ಇಬ್ಬನಿಯಲ್ಲಿ ನೆಂದ ಸೊಪ್ಪು ಮುಟ್ಟಿದರೆ ಅವ್ವನಿಗೆ ತಲೆ ಸುತ್ತುತ್ತಿತ್ತು. ವಾಂತಿ ಬರುತ್ತಿತ್ತು. ಊಟ ಸೇರುತ್ತಿರಲಿಲ್ಲ.

"ಸೊಪ್ಪಿನ ರಸ ಚರ್ಮದಿಂದಲೇ ಒಳಗೆ ಹೋಗುತ್ತೆ. ಇನ್ನು ಹಸಿ ಸೊಪ್ಪು ಮುಟ್ಟಬೇಡ. ಬೇರೆ ಏನಾದರೂ ಇದೆಯಾ ಅಂತ ಕಫ, ರಕ್ತ ಎಲ್ಲ ನೋಡಬೇಕು. ನಾಳೆ ಆಸ್ಪತ್ರೆಗೆ ಬಾ."

ಅಪ್ಪ ಅವ್ವನ ಮುಂದಿದ್ದ ಹಸಿ ಸೊಪ್ಪನ್ನು ಬಾಚಿ ತನ್ನ ಕಡೆಗೆ ಎಳೆದುಕೊಂಡ. ನಗಲಿಲ್ಲ.

ಎಲ್ಲರೂ ಹೋದ ಮೇಲೆ ಅನು ಬ್ಯಾರನ್ನಿನ ಒಳಗೆ ಹೋಗಿ ನಿಂತಳು. ಕಡ್ಡಿಗಳು ಇಳಿದು ಖಾಲಿಯಾಗಿತ್ತು. ಗೋಡೆ ಇನ್ನೂ ಬೆಚ್ಚಗಿತ್ತು. ಗಳದ ಮೇಲೆ ದೆವ್ವ ಇರಲಿಲ್ಲ. ಎಂದೂ ಇರಲಿಲ್ಲ. ಇಷ್ಟು ದಿನವೂ ಕೆಳಗೆ ಬಾಗಿಲ ಬಳಿ ಇದ್ದದ್ದು ಅವ್ವ, ಎಲ್ಲರ ಕಣ್ಣೆದುರೇ.

ಅನು ಗೂಡಿನ ಬಳೆಗಳ ಅರಿಶಿನವನ್ನು ಲಂಗದಿಂದ ಒರೆಸಿದಳು. ಸೊಪ್ಪಿನ ಮೇಲೆ ಬಿದ್ದಿದ್ದನ್ನೂ ಆರಿಸಿಕೊಂಡಳು.

ಏಳು ಬಳೆ. ಹನ್ನೆರಡು ಕೆಜಿ.