ಮೇಣದ ಮೂಲೆಯ ಚೂರು

ಸೋಮವಾರ ಬೆಳಿಗ್ಗೆ ಅವನು ಒಳಗೆ ಬಂದವನೇ, "ಕಳೆದ ಬುಧವಾರದ ಅಚ್ಚುಗಳು ಎಲ್ಲಿ?" ಎಂದು ಕೇಳಿದ. ನಗಲಿಲ್ಲ. ಎಂದಿನಂತೆ ಬಾಗಿಲಿಗೆ ಒರಗಿ, "ಏನ್ರೀ ಕತ್ತರಿ, ಇವತ್ತು ಯಾರ ಗ್ರಹಚಾರ ಬಿಡಿಸ್ತಿದ್ದೀರಾ?" ಎನ್ನಲೂ ಇಲ್ಲ.

ಕತ್ತರಿ ಎಂಬುದು ಪ್ರಯೋಗಾಲಯದವರು ಅವಳಿಗಿಟ್ಟ ಅಡ್ಡಹೆಸರು. ರೋಗಿಗಳಿಂದ ತೆಗೆದ ಅಂಗಾಂಶದ ಚೂರುಗಳನ್ನು ಕರಗಿದ ಮೇಣದಲ್ಲಿ ಕೂರಿಸುವುದು, ಆರಿದ ಅಚ್ಚನ್ನು ಕೂದಲಿಗಿಂತ ತೆಳ್ಳಗೆ ಹೆರೆದು ಗಾಜಿನ ಮೇಲೆ ಹರಡುವುದು ಅವಳ ಕೆಲಸ. ಅವನು ಪಕ್ಕದ ಕೋಣೆಯ ಜೀನ್ ಮೇಷ್ಟ್ರು. ಆ ಚೂರುಗಳಲ್ಲಿ ಯಾವ ಪ್ರೋಟೀನ್ ದಾರಿ ತಪ್ಪಿದೆ, ಯಾವ ಜೀನ್ ಕೆಟ್ಟಿದೆ ಎಂದು ಹುಡುಕುವವನು. ದಿನಕ್ಕೆ ಆರು ಸಲ ನೆಪ ಹುಡುಕಿಕೊಂಡು ಬರುತ್ತಿದ್ದ. ಆರು ಸಲವೂ ಅವಳು ತಲೆ ಎತ್ತದೆ ಕೆಲಸ ಮಾಡುತ್ತಿದ್ದಳು. ಕಣ್ಣಂಚಿನಲ್ಲಿ ನೋಡುವುದಕ್ಕೆ ತಲೆ ಎತ್ತಬೇಕಾಗಿಲ್ಲವಲ್ಲ!

"ಅಬ್ಬಬ್ಬಾ, ಏನು ಬಿಗುಮಾನ! ಕಾಫಿಗೆ ಬರಲ್ಲ ಅಂದಿದ್ದಕ್ಕೆ ಇಷ್ಟೊಂದು ಮುಖ ಊದಿಸ್ಕೋಬೇಕಾ?" ಎಂದು ಅವಳು ಛೇಡಿಸಿದಳು.

"ನಮ್ಮಕ್ಕಂದು ಬಯಾಪ್ಸಿ ಇದೆ ಅದರಲ್ಲಿ," ಎಂದ. "ಗರ್ಭಕೋಶದ್ದು. ಕ್ಯಾನ್ಸರ್ ಅಂತೆ."

ಅವಳ ಕೈಯ ಬ್ರಶ್ ಕೆಳಗೆ ಬಿತ್ತು.

ಅಕ್ಕ ಎಂದರೆ ಅವನಿಗೆ ಅಮ್ಮನೂ ಹೌದು. ತಾಯಿ ಹೋದ ಮೇಲೆ ಎತ್ತಿ ಆಡಿಸಿ, ಗದರಿಸಿ, ಓದಿಸಿದವಳು. ಮದುವೆಯಾಗಿ ಏಳು ವರ್ಷ. ಬಸಿರು ಯಾಕೆ ನಿಲ್ಲುತ್ತಿಲ್ಲ ಎಂದು ನೋಡಲು ತೆಗೆದ ಚೂರುಗಳು ಇವು. ಈಗ ಶುಕ್ರವಾರ ಗರ್ಭಕೋಶವನ್ನೇ ತೆಗೆಯುವುದು ಎಂದು ನಿರ್ಧಾರವಾಗಿತ್ತು.

"ಪಿ-ಫಿಫ್ಟಿತ್ರೀ ಬಣ್ಣ ಹಾಕಿದ್ದಾರೆ, ನೀವೇ ನೋಡಿ," ಎಂದು ಅವನು ಸ್ಲೈಡ್ ಚಾಚಿದ.

ಪಿ-ಫಿಫ್ಟಿತ್ರೀ ಜೀವಕೋಶವನ್ನು ಕಾಯುವ ಪ್ರೋಟೀನ್. ಅದರ ಜೀನ್ ಕೆಟ್ಟರೆ ಈ ಬಣ್ಣದಲ್ಲಿ ಕೋಶಗಳೆಲ್ಲ ಕಾಫಿಪುಡಿ ಚೆಲ್ಲಿದಂತೆ ಕಂದಾಗಿ ಕಾಣುತ್ತವೆ. ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ನಡುವೆ ಒಂಬತ್ತು ಚೂರು, ಒಂಬತ್ತೂ ತಿಳಿ. ಮೂಲೆಯಲ್ಲಿ ಒಂದೇ ಒಂದು, ಪೂರ್ತಿ ಕಂದು.

ಮೂಲೆಯಲ್ಲಿ!

ಚೂರುಗಳನ್ನು ಅವಳು ಯಾವಾಗಲೂ ಅಚ್ಚಿನ ನಟ್ಟನಡುವೆ ಕೂರಿಸುತ್ತಿದ್ದಳು. ಮೂಲೆಗಿಡುವುದು ಅವಳ ಕೈಗೆ ಗೊತ್ತೇ ಇರಲಿಲ್ಲ. ಅಂದರೆ ಇದು ಇಟ್ಟದ್ದಲ್ಲ, ಇಕ್ಕಳಕ್ಕೆ ಅಂಟಿಕೊಂಡು ಬಂದು ಉದುರಿದ್ದು. ಆ ಬುಧವಾರ ಅವನು ಪಕ್ಕದಲ್ಲೇ ನಿಂತು, ಇಂಟರ್‌ವ್ಯೂಗೆ ಎರಡು ಕಾಲಿಗೆ ಎರಡು ಬೇರೆ ಶೂ ಹಾಕಿಕೊಂಡು ಹೋದ ಕಥೆ ಹೇಳುತ್ತಿದ್ದ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಒಬ್ಬ ರೋಗಿಯದು ಮುಗಿದ ಮೇಲೆ ಇಕ್ಕಳ ಒರೆಸಿಯೇ ಮುಂದಿನದನ್ನು ಮುಟ್ಟಬೇಕು. ಒರೆಸಿದ ನೆನಪು ಮಾತ್ರ ಅವಳಿಗೆ ಎಷ್ಟು ತಡಕಿದರೂ ಸಿಗಲಿಲ್ಲ. ರಿಜಿಸ್ಟರ್ ತೆಗೆದು ನೋಡಿದಳು. ಅಕ್ಕನದಕ್ಕಿಂತ ಮೊದಲು ಕೂರಿಸಿದ್ದು ಒಬ್ಬ ಅಜ್ಜಿಯ ಅಂಡಾಶಯದ ಗೆಡ್ಡೆ.

ಸುಮ್ಮನಿದ್ದುಬಿಡುವ ಯೋಚನೆ ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು. ಹೇಳಿದರೆ ಕೆಲಸಕ್ಕೆ ಕುತ್ತು, ಇವನಂತೂ ಇನ್ನು ಈ ಬಾಗಿಲಿನತ್ತ ತಲೆ ಹಾಕುವುದಿಲ್ಲ. ಅಂಥ ಯೋಚನೆ ಬಂದದ್ದಕ್ಕೇ ನಾಚಿಕೆಯಾಗಿ, ಅವಳು ಬಾಯಿಬಿಟ್ಟು ಹೇಳಿದಳು:

"ಆ ಚೂರು ನಿಮ್ಮಕ್ಕಂದು ಅಲ್ಲ ಅನ್ಸುತ್ತೆ. ನಾನು ಇಕ್ಕಳ ಒರೆಸಿಲ್ಲ."

ಅವನು ಅವಳನ್ನೇ ನೋಡುತ್ತ ನಿಂತ. ಆ ನೋಟದಲ್ಲಿ ಏನಿದೆ ಎಂದು ತಿಳಿಯುವ ಧೈರ್ಯ ಅವಳಿಗಿರಲಿಲ್ಲ. ನೆಟ್ಟಗೆ ದೊಡ್ಡ ಡಾಕ್ಟರಮ್ಮನ ಕೋಣೆಗೆ ನಡೆದಳು.

"ಹತ್ತು ವರ್ಷ ಆಯ್ತು ನಿನಗಿಲ್ಲಿ!" ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದರು. "ಇಕ್ಕಳ ಒರೆಸೋದನ್ನ ಈಗ ಹೇಳಿಕೊಡ್ಬೇಕಾ?"

"ಮೇಡಂ, ನಾನೇ ಮಾತಾಡಿಸ್ತಾ ನಿಂತಿದ್ದೆ," ಎಂದ ಅವನು, ಹಿಂದೆಯೇ ಓಡಿ ಬಂದು.

"ಇಕ್ಕಳ ನನ್ನ ಕೈಯಲ್ಲಿತ್ತು," ಎಂದಳು ಅವಳು.

"ಇಬ್ಬರೂ ಬಾಯಿ ಮುಚ್ಚಿ. ಮೂಲೆಯ ಚೂರು, ನಡುವಿನ ಚೂರು, ಆ ಅಜ್ಜಿಯದು, ಮೂರರದ್ದೂ ಡಿಎನ್‌ಎ ಹೋಲಿಸೋಣ. ನೀನು ಮುಟ್ಟೋ ಹಾಗಿಲ್ಲಪ್ಪ, ನಿನ್ನ ಅಕ್ಕನ ಕೇಸು. ಬೇರೆಯವರು ಮಾಡ್ತಾರೆ. ಏ ಹುಡುಗಿ, ಚೂರು ಬಿಡಿಸಿಕೊಡೋದು ನೀನೇ. ನಾನು ಪಕ್ಕದಲ್ಲೇ ಕೂತಿರ್ತೀನಿ."

ಆ ಬೆಳಿಗ್ಗೆ ಅವಳು ಸಣ್ಣ ಅಲಗಿನಿಂದ ಎಳ್ಳಿಗಿಂತ ಚಿಕ್ಕ ಚೂರನ್ನು ಕೆರೆದು ತೆಗೆದಳು. ಪ್ರತಿ ಚೂರಿಗೂ ಮೊದಲು ಅಲಗನ್ನು ಒರೆಸಿದಳು.

ಮೂರು ದಿನ ಅವನು ಅವಳ ಕೋಣೆಗೆ ಕಾಲಿಡಲಿಲ್ಲ. ಕಾರಿಡಾರಿನಲ್ಲಿ ಎದುರಾದರೂ ನೆಲ ನೋಡಿಕೊಂಡು ದಾಟಿದ. ಸರಿಯೇ, ಮಾಡಿದ್ದುಣ್ಣೇ ಮಾರಾಯ್ತಿ, ಎಂದು ತನ್ನನ್ನೇ ಬೈದುಕೊಂಡಳು. ಆದರೂ ಬಾಗಿಲ ಕಡೆ ಕಿವಿ ಇದ್ದೇ ಇತ್ತು.

ಗುರುವಾರ ಮಧ್ಯಾಹ್ನ ಡಾಕ್ಟರಮ್ಮ ಇಬ್ಬರನ್ನೂ ಕರೆಸಿದರು.

"ಮೂಲೆಯ ಚೂರು ಅಜ್ಜಿಯದೇ. ಅವರ ಕಾಯಿಲೆ ಮೊದಲೇ ಗೊತ್ತಿತ್ತು, ಚಿಕಿತ್ಸೆ ನಡೀತಿದೆ. ನಡುವಿನವು ನಿಮ್ಮಕ್ಕನವು, ಅದರಲ್ಲಿ ಏನೂ ಇಲ್ಲ. ಆಪರೇಷನ್ ರದ್ದು."

ಅವನು ಅಲ್ಲೇ ನಿಂತು ಅಕ್ಕನಿಗೆ ಫೋನ್ ಮಾಡಿದ. ಅವಳು ಗೊಳೋ ಎಂದು ಅತ್ತುಬಿಟ್ಟಳು. ಮನಸ್ಸಿನ ಮೇಲಿದ್ದ ಕಲ್ಲು ಇಳಿದಿತ್ತು.

"ತಪ್ಪಿನ ವರದಿ ನಾಳೆ ನನ್ನ ಮೇಜಿನ ಮೇಲಿರ್ಲಿ," ಎಂದರು ಡಾಕ್ಟರಮ್ಮ. "ಎರಡು ತಿಂಗಳು ಮೇಣ ಮುಟ್ಟಬೇಡ. ಈಗ ಅಳು, ಪರವಾಗಿಲ್ಲ."

ಸಂಜೆ ಅಕ್ಕನೇ ಬಂದಳು, ತಮ್ಮನನ್ನು ಹಿಂದೆ ಕರೆದುಕೊಂಡು. "ಇಕ್ಕಳದವಳು ನೀನೇನಾ?"

ಅವಳು ತಲೆ ತಗ್ಗಿಸಿದಳು.

"ನಾಲ್ಕು ದಿನ ತುತ್ತು ಗಂಟಲಲ್ಲಿ ಇಳೀಲಿಲ್ಲ ನಂಗೆ. ನಿನ್ನ ಮೇಲೆ ಸಿಟ್ಟಿದೆ, ಸುಳ್ಳು ಯಾಕೆ ಹೇಳ್ಲಿ?" ಎಂದವಳು ಮುಂದೆ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ಆದ್ರೆ ನೀನು ಬಾಯಿ ಬಿಡದೆ ಇದ್ದಿದ್ರೆ ನಾಳೆ ಬೆಳಿಗ್ಗೆ ನನ್ನ ಕಥೆ ಮುಗೀತಿತ್ತಲ್ಲೇ! ಇವನನ್ನ ಕೇಳು. ನಂಗೆ ಧೈರ್ಯ ಹೇಳೋಕೆ ಬಂದವನು, ದಿನಾ ನಿಂದೇ ಗೋಳು. ನಾನು ಹೊರಗೆ ಕೂತಿರ್ತೀನಿ. ಬೇಗ ಮುಗಿಸಿ, ನಾಲ್ಕು ದಿನದ ಹಸಿವಿದೆ."

ಬಾಗಿಲು ಮುಚ್ಚಿತು. ಇಬ್ಬರೇ.

"ನೀವು ಬರಲೇ ಇಲ್ಲ," ಎಂದಳು.

"ಹೇಗೆ ಬರ್ಲಿ?" ಅವನ ಕಣ್ಣು ಕೆಂಪಾಗಿತ್ತು. "ನಿಂದೇ ತಪ್ಪಾಗಿರ್ಲಿ ದೇವರೇ ಅಂತ ಹಗಲೂ ರಾತ್ರಿ ಬೇಡ್ಕೊಳ್ತಿದ್ದೆ. ಹಾಗೆ ಬೇಡ್ಕೊಂಡು ನಿನ್ನ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ?"

ಅವಳು ಮೊದಲ ಬಾರಿಗೆ ತಲೆ ಎತ್ತಿ ಅವನನ್ನು ನೇರವಾಗಿ ನೋಡಿದಳು.

"ನಾನೂ ಅದನ್ನೇ ಬೇಡ್ಕೊಳ್ತಿದ್ದೆ."

"ನಿನ್ನ ತಪ್ಪು ಅಂತ ಆಗ್ಲಿ ಅಂತಾ?"

"ಹೂಂ. ಕೆಲಸ ಹೋದ್ರೂ ಹೋಗ್ಲಿ, ನೀವು ಮಾತು ಬಿಟ್ರೂ ಬಿಡಿ, ಅಕ್ಕ ಚೆನ್ನಾಗಿದ್ರೆ ಸಾಕು ಅಂತ."

"ಯಾಕೆ?"

"ಯಾಕೇಂತೆ! ಇಷ್ಟೆಲ್ಲಾ ಓದಿದ್ದೀರಿ, ಇದೊಂದು ಗೊತ್ತಾಗಲ್ವಾ? ನಿಮ್ಮನ್ನ ಪ್ರೀತಿಸ್ತೀನಿ, ಅದಕ್ಕೆ."

ಅವನು ಅವಳ ಕೈಯನ್ನು ತನ್ನ ಕೈಯೊಳಗೆ ಸೇರಿಸಿಕೊಂಡು ಹಣೆಗೆ ಒತ್ತಿಕೊಂಡ. "ನಾನೂ," ಎಂದ. "ಯಾವಾಗಿನಿಂದಲೋ."

"ಮುಗೀತೇನ್ರೋ?" ಹೊರಗಿನಿಂದ ದನಿ ಬಂತು.

"ಬಂದ್ವಿ ಅಕ್ಕಾ," ಎಂದಳು ಅವಳು. ಕಣ್ಣೊರೆಸಿಕೊಂಡು, ಅವನ ಕೈ ಬಿಡದೆಯೇ ಬಾಗಿಲು ತೆರೆದಳು. ಮೂವರೂ ಊಟಕ್ಕೆ ಹೋದರು.