ಹೆಸರು ಹೇಳಬಾರದ ಮದ್ದು

ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಹಿಂದಿನ ನಲ್ಲಿಯ ಹತ್ತಿರ ಶಾಲಿನಿ ಬೋರಲಾಗಿ ಬಿದ್ದಿದ್ದಳು. ಅರ್ಧ ತುಂಬಿದ ಕೊಡ ಪಕ್ಕಕ್ಕೆ ಉರುಳಿತ್ತು. ಮೊದಲು ನೋಡಿದವಳು ಪಕ್ಕದ ಮನೆಯ ಭದ್ರಮ್ಮ. ಮುಟ್ಟಿ ನೋಡಿದಳು. ಮೈ ತಣ್ಣಗಾಗಿತ್ತು. ಅವಳು ಕಿರುಚಿಕೊಂಡಿದ್ದು ಕಾಫಿ ಸ್ಟೋರಿನ ತನಕ ಕೇಳಿಸಿತು.

ಹೊಂಗಡಹಳ್ಳದ ಆ ಎಸ್ಟೇಟಿನಲ್ಲಿ ಅವತ್ತು ಹಣ್ಣು ಕೊಯ್ಲು ನಿಂತಿತು.

ಸಬ್ ಇನ್ಸ್‌ಪೆಕ್ಟರ್ ಮಧುಶ್ರೀ ಬರುವ ಹೊತ್ತಿಗೆ ಕೊಲೆಗಾರ ಯಾರೆಂದು ಲೈನಿನವರು ತೀರ್ಮಾನಿಸಿ ಆಗಿತ್ತು. ಇಂಥ ವಿಷಯಕ್ಕೆ ನಮ್ಮ ಜನ ಪೊಲೀಸರನ್ನು ಕಾಯುವುದಿಲ್ಲ. ಶಾಲಿನಿಯ ಗಂಡ ಸುರೇಂದ್ರನನ್ನು ನಾಲ್ಕಾರು ಜನ ಗೋಡೆಗೆ ಒತ್ತಿ ಹಿಡಿದಿದ್ದರು. ಅವಳ ತಾಯಿ ಮಾರಮ್ಮ ಬಾಳ್ಳುಪೇಟೆ ಕಡೆಯಿಂದ ಆಟೋ ಹಿಡಿದು ಬಂದವಳು, ಅಳಿಯನ ಮುಖಕ್ಕೆ ಉಗಿಯುತ್ತಿದ್ದಳು.

“ಇವ್ನೇ ಕಣವ್ವ! ನನ್ ಮಗೀನ ಬಡ್ದು ಬಡ್ದು ಕೊಂದಾಕ್ಬುಟ್ಟ! ಅವಳ ಮೈ ನೋಡವ್ವ, ಬಾಸುಂಡೆ ನೋಡು!”

ಮಧುಶ್ರೀ ಹೊದಿಸಿದ್ದ ಸೀರೆ ಸರಿಸಿದಳು. ತೋಳಿನ ಒಳಭಾಗದಲ್ಲಿ, ತೊಡೆಯ ಮೇಲೆ ಸಾಲುಸಾಲಾಗಿ ನೇರಳೆ ಬಣ್ಣದ ಗೆರೆಗಳು. ಮೊಣಕೈ ಕೆಳಗೆ ಅಲ್ಲಲ್ಲಿ ನೀಲಿಗಟ್ಟಿದ ಕಲೆ. ಮುಖ ಊದಿಕೊಂಡು ದುಂಡಗಾಗಿತ್ತು.

“ಇನ್ನೇನ್ ಬೇಕು ಮೇಡಮ್?” ಎಂದ ಹೆಡ್ ಕಾನ್‌ಸ್ಟೇಬಲ್ ಚಲುವಯ್ಯ. “ಬೆಲ್ಟಲ್ಲೇ ಬಾರ್ಸವ್ನೆ. ಸಾಲು ಹಿಡ್ದಂಗೆ ಐತೆ.”

“ನಾನು ಹೊಡ್ದಿಲ್ಲ ಮೇಡಮ್,” ಎಂದ ಸುರೇಂದ್ರ.

“ಮತ್ತೆ ಇದೇನು?”

“ಗೊತ್ತಿಲ್ಲ. ಸುಮ್ನೆ ಕೈ ಹಿಡ್ಕಂಡ್ರೂ ನೀಲಿ ಆಗ್ಬುಡ್ತಿತ್ತು.”

ಸುತ್ತ ನಿಂತವರು ಅಷ್ಟು ದುಃಖದಲ್ಲೂ ನಕ್ಕರು. ಚಲುವಯ್ಯನೂ ನಕ್ಕ. ಮಧುಶ್ರೀಗೆ ನಗು ಬರಲಿಲ್ಲ, ಸಿಟ್ಟು ಬಂತು. ಹೆಂಡತಿಗೆ ಹೊಡೆದು ‘ಅವಳೇ ಬಿದ್ದಳು’ ಎನ್ನುವ ಗಂಡಂದಿರನ್ನು ಅವಳು ಬೇಕಾದಷ್ಟು ನೋಡಿದ್ದಳು. ಇದು ಹೊಸ ಸುಳ್ಳು, ಅಷ್ಟೇ.

“ಜಗಳ ಆಗ್ತಿತ್ತಾ?” ಎಂದು ಭದ್ರಮ್ಮನನ್ನು ಕೇಳಿದಳು.

“ಆಗ್ತಿತ್ತು ಕಣವ್ವ. ‘ಹೇಳೇ, ಬಾಯ್ ಬುಟ್ಟು ಹೇಳೇ’ ಅಂತ ಕೂಗಾಡೋನು. ಅವಳು ಉಸ್ರೇ ಎತ್ತುತಿರ್ನಿಲ್ಲ.”

“ಏನು ಹೇಳಬೇಕಿತ್ತಂತೆ?”

“ಅದ್ ಗೊತ್ತಿಲ್ಲ.”

ಸುರೇಂದ್ರನನ್ನು ಜೀಪಿಗೆ ಹತ್ತಿಸಿದರು. ಹೊರಡುವಾಗ ಮಧುಶ್ರೀಯ ಕಣ್ಣು ಅವನ ಮನೆ ಮುಂದಿನ ತಂತಿಯ ಮೇಲೆ ಬಿತ್ತು. ಗೊಬ್ಬರದ ಚೀಲದ ಒಳಗಿರುವ ತೆಳು ಪ್ಲಾಸ್ಟಿಕ್ಕನ್ನು ಅಗಲ ಪಟ್ಟಿಗಳಾಗಿ ಕತ್ತರಿಸಿ, ತೊಳೆದು ಒಣಹಾಕಿದ್ದರು.

“ಇದೇನು?”

“ಇಬ್ಬನಿಗೆ ಎಲ್ರೂ ಸೊಂಟಕ್ಕೆ ಕಟ್ಕತೀವಲ್ಲ, ಪ್ಲಾಸ್ಟಿಕ್ಕು,” ಎಂದಳು ಭದ್ರಮ್ಮ. ಆಮೇಲೆ ತಾನೇ ಅನುಮಾನಿಸಿದಳು. “ಆದ್ರೆ ಅವಳು ಕೈಗೂ ಕಾಲ್ಗೂ ಸುತ್ಕಳೋಳು. ಸರ್ಟಿನ ಒಳಗೆ.”

* * *

ಹೆಣ ಕೊಯ್ದ ಡಾಕ್ಟರ್ ಅಭಿಲಾಷ್ ಫೋನ್ ಮಾಡಿದಾಗ ಮಧುಶ್ರೀ ಠಾಣೆಯಲ್ಲಿ ಕೂತು ಕೈಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದಳು. ಚಳಿ ಬಂದರೆ ಅವಳ ಅಂಗೈ ಹಿಂಭಾಗದಲ್ಲಿ ಇಸುಬು ಏಳುತ್ತಿತ್ತು. ತುರಿಸಿ ತುರಿಸಿ ರಕ್ತ ಬರುತ್ತಿತ್ತು. ಡಾಕ್ಟರ್ ಬರೆದುಕೊಟ್ಟ ಟ್ಯೂಬು ಯಾವಾಗಲೂ ಮೇಜಿನ ಡ್ರಾಯರಿನಲ್ಲಿರುತ್ತಿತ್ತು.

“ಮೇಡಮ್, ನಿಮ್ಮ ಆರೋಪಿ ಹೊಡೆದಿಲ್ಲ,” ಎಂದರು ಡಾಕ್ಟರ್.

“ಕಣ್ಣಾರೆ ನೋಡಿದ್ದೀನಿ ಸಾರ್.”

“ಗೆರೆಗಳನ್ನ ತಾನೇ? ಅದರ ಕೆಳಗೆ ರಕ್ತ ಹೆಪ್ಪುಗಟ್ಟಿಲ್ಲ. ಏಟು ಬಿದ್ದರೆ ಹಾಗಿರಲ್ಲ. ಚರ್ಮ ತೆಳುವಾಗಿ ಒಳಗಿಂದ ಬಿರಿದಿದೆ. ಬಸುರಿಯ ಹೊಟ್ಟೆ ಮೇಲೆ ಬರುತ್ತಲ್ಲ, ಹಾಗೆ. ಆದರೆ ಈಕೆ ಹೆತ್ತವಳಲ್ಲ.”

“ನೀಲಿ ಕಲೆ?”

“ಅಂಥ ಚರ್ಮಕ್ಕೆ ಕೊಡ ತಗುಲಿದರೂ ನೀಲಿಗಟ್ಟುತ್ತೆ. ಮೂಳೆ ಮುರಿದಿಲ್ಲ. ಹೊಟ್ಟೆಯಲ್ಲಿ ವಿಷ ಇಲ್ಲ. ಒಂದೇ ಒಂದು ವಿಷಯ. ಕಿಡ್ನಿ ಮೇಲೆ ಟೋಪಿ ಇಟ್ಟ ಹಾಗೆ ಎರಡು ಗ್ರಂಥಿ ಇರುತ್ತೆ. ಈಕೆಗೆ ಎರಡೂ ಸೊರಗಿ ಹೋಗಿವೆ.”

“ಅಂದ್ರೆ?”

“ನಮ್ಮ ಮೈ ತಾನೇ ಮಾಡಿಕೊಳ್ಳೋ ಸ್ಟಿರಾಯ್ಡು ಅಲ್ಲಿ ತಯಾರಾಗುತ್ತೆ. ಹೊರಗಿಂದ ಜಾಸ್ತಿ ಬಂದರೆ ಗ್ರಂಥಿ ಕೆಲಸ ನಿಲ್ಲಿಸಿ ಮಲಗಿಬಿಡುತ್ತೆ. ಆಮೇಲೆ ಹೊರಗಿಂದ ಬರೋದು ತಟ್ಟನೆ ನಿಂತರೆ ಎರಡೂ ಇಲ್ಲ. ವಾಂತಿ, ಸುಸ್ತು, ಒಂದು ಜ್ವರ ಬಂದರೆ ಸಾಕು, ಮನುಷ್ಯ ಕುಸಿದು ಬೀಳ್ತಾನೆ. ಈಕೆ ಮಾತ್ರೆ ತಗೋತಿದ್ದಳಾ ಕೇಳಿ. ಅಥವಾ ತುಂಬಾ ಬಲವಾದ ಮುಲಾಮು. ಮೈ ತುಂಬಾ, ಬಹಳ ಕಾಲ. ಮೇಲೆ ಏನಾದರೂ ಸುತ್ತಿದರಂತೂ ಹತ್ತು ಪಟ್ಟು ಒಳಗಿಳಿಯುತ್ತೆ.”

ಮಧುಶ್ರೀಗೆ ತಂತಿಯ ಮೇಲಿನ ಪ್ಲಾಸ್ಟಿಕ್ ನೆನಪಾಯಿತು. ಆಮೇಲೆ ತನ್ನ ಕೈಯಲ್ಲಿದ್ದ ಟ್ಯೂಬಿನ ಕಡೆ ನೋಡಿದಳು. 

“ಸಾರ್, ನಾನೂ ಸ್ಟಿರಾಯ್ಡ್ ಮುಲಾಮೇ ಹಚ್ಚೋದು.”

“ಎಷ್ಟು?”

“ಬೆರಳ ತುದಿಯ ಒಂದು ಗೆರೆಯಷ್ಟು. ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು ಅಂದಿದ್ದಾರೆ. ಎದ್ದಾಗ ಮಾತ್ರ, ಅವರು ಹೇಳಿದಷ್ಟು ದಿನ. ಮುಖಕ್ಕೆ ಬೇಡ, ಕಟ್ಟು ಕಟ್ಟಬೇಡಿ, ಬಿಡುವಾಗ ದಿನ ಬಿಟ್ಟು ದಿನ ಮಾಡಿ ನಿಧಾನಕ್ಕೆ ಬಿಡಿ ಅಂತ.”

“ಹಾಗಾದರೆ ಧೈರ್ಯವಾಗಿ ಹಚ್ಚಿ. ಅದು ಒಳ್ಳೆ ಔಷಧಿ. ಏನು ಹಚ್ಚುತ್ತಿದ್ದೀರಿ ಅಂತ ನಿಮಗೆ ಗೊತ್ತು. ಈಕೆಗೆ ಗೊತ್ತಿತ್ತೋ ಇಲ್ಲವೋ.”

ಮಧುಶ್ರೀ ಲಾಕಪ್ಪಿಗೆ ಹೋದಳು. ಸುರೇಂದ್ರ ಮೂಲೆಯಲ್ಲಿ ಮಂಡಿಗೆ ಮುಖ ಕೊಟ್ಟು ಕೂತಿದ್ದ.

“ಏನು ಹೇಳು ಅಂತ ಜಗಳ ಆಡ್ತಿದ್ದೆ?”

“ಏನ್ ಹಚ್ಕತೀಯ ಹೇಳು ಅಂತ. ಹಾಸನ್ದಲ್ಲಿ ಚರ್ಮದ ಡಾಕ್ಟ್ರಿಗೆ ತೋರ್ಸಿದ್ದೆ. ಅವ್ರೂ ಕೇಳುದ್ರು. ಇವ್ಳು ತಲೆ ತಗ್ಗಿಸ್ಕಂಡು ಕೂತ್ಬುಟ್ಲು. ಹಚ್ಚೋದಿದ್ರೆ ಮುಂದಿನ್ ಸಲ ತಗಂಡ್ ಬಾ ಅಂದ್ರು. ಆಮ್ಯಾಲೆ ಅವ್ಳಿಗೆ ವಾಂತಿ ಶುರುವಾಯ್ತು. ಅವ್ಳು ಸತ್ತ ದಿನ ಆಸ್ಪತ್ರೆಗೆ ಕರ್ಕಂಡೋಗಕ್ಕೆ ಗಾಡಿ ತರಕ್ಕೇ ಹೋಗಿದ್ದೆ ಮೇಡಮ್. ಬರಷ್ಟ್ರಲ್ಲಿ ನನ್ನನ್ ಹಿಡ್ಕಂಡ್ರು.”

“ಏನು ಹಚ್ಕೋತಿದ್ದಳು?”

“ಅದು ಅವ್ವ ಮಗಳ ಗುಟ್ಟು. ಗಂಡುಸ್ರಿಗೆ ಹೇಳಂಗಿಲ್ವಂತೆ. ಯಾರ್ಗೂ ಹೇಳಂಗಿಲ್ವಂತೆ.”

* * *

ಮಧುಶ್ರೀ, ಚಲುವಯ್ಯ ಹೋದಾಗ ಮಾರಮ್ಮ ತನ್ನ ಮನೆಯ ಒಲೆ ಮುಂದೆ ಕೂತಿದ್ದಳು. ಮಗಳನ್ನು ಮಣ್ಣು ಮಾಡಿ ಬಂದ ಮೇಲೆ ಅವಳು ಊಟ ಮಾಡಿರಲಿಲ್ಲ. ಸೀರೆಯ ಮೇಲೆ ಗಂಡಸಿನ ತುಂಬು ತೋಳಿನ ಶರ್ಟು. ಕಾಫಿ ಕೊಯ್ಯುವ ಹೆಂಗಸರೆಲ್ಲ ಕೆಲಸಕ್ಕೆ ಹೋಗುವಾಗ ಹಾಗೇ ಹಾಕುವುದು. ಆದರೆ ಮಾರಮ್ಮ ಇವತ್ತು ಕೆಲಸಕ್ಕೆ ಹೋಗಿರಲಿಲ್ಲ. ಬೆಂಕಿಯ ಕಾವಿಗೆ ಕೂತಿದ್ದರೂ ಗುಂಡಿ ಬಿಚ್ಚಿರಲಿಲ್ಲ.

“ಅವನ್ನ ಗಲ್ಲಿಗಾಕ್ತೀರಾ?” ಎಂದಳು.

“ಅವ್ವಾ, ಶರ್ಟಿನ ತೋಳು ಮೇಲೆ ಮಾಡಿ.”

“ಯಾಕೆ?”

“ಮಾಡಿ.”

ಮಾರಮ್ಮ ಮಾಡಲಿಲ್ಲ. ಮಧುಶ್ರೀ ತಾನೇ ಗುಂಡಿ ಬಿಚ್ಚಿ ಮೆಲ್ಲಗೆ ತೋಳು ಮಡಚಿದಳು. ಅದೇ ನೇರಳೆ ಗೆರೆ. ಅದೇ ಸಾಲು. ಮೊಣಕೈ ಕೆಳಗೆ ಅವೇ ನೀಲಿ ಕಲೆಗಳು.

“ನಿಮಗೆ ಯಾರು ಹೊಡೆದದ್ದು?”

“ನಂಗ್ಯಾರು ಹೊಡೀತಾರವ್ವ? ಗಂಡ ಸತ್ತು ಯಾವ ಕಾಲ ಆಯ್ತು. ಈ ಮನೇಲಿ ನಾನೊಬ್ಳೇ...”

 ಮಾರಮ್ಮ ತನ್ನ ತೋಳನ್ನೇ ನೋಡುತ್ತ ಕೂತಳು. ಮಗಳ ತೋಳು ಅವಳ ಕಣ್ಣ ಮುಂದೆ ಬಂದಿರಬೇಕು. ಅಳಿಯನ ಮುಖಕ್ಕೆ ಉಗಿದದ್ದೂ ಬಂದಿರಬೇಕು. ಅವಳ ಗಂಟಲಿನಿಂದ ಹೊರಟದ್ದು ಅಳುವೆಂದು ಚಲುವಯ್ಯನಿಗೆ ಮೊದಲು ತಿಳಿಯಲೇ ಇಲ್ಲ.

ಆಮೇಲೆ ಎಲ್ಲ ಹೇಳಿದಳು. ಬಾಳ್ಳುಪೇಟೆ ಆಚೆಯ ರಾಜಲಕ್ಷ್ಮಮ್ಮನವರು. ಸಣ್ಣ ತೋಟದ ದೊಡ್ಡ ಮನುಷ್ಯರು. ಅವರ ಅತ್ತೆಯ ಕಾಲದಿಂದ ಬಂದ ಇಸುಬಿನ ನಾಟಿ ಮದ್ದು. ಕಾಸು ಮುಟ್ಟುವುದಿಲ್ಲ, ಎಲೆ ಅಡಿಕೆ ಇಟ್ಟು ನಮಸ್ಕಾರ ಮಾಡಿದರೆ ಸಾಕು. ಒಂದೇ ಕಟ್ಟುಪಾಡು. ಯಾರ ಮದ್ದು, ಏನು ಮದ್ದು ಅಂತ ಬಾಯಿ ಬಿಡಬಾರದು. ಹೆಸರು ಹೇಳಿದರೆ ಮದ್ದಿನ ಶಕ್ತಿ ಹೋಗುತ್ತದೆ.

“ಹಚ್ಚಿ ಎರಡೇ ದಿನಕ್ಕೆ ಉರಿ ತಣ್ಣಗಾಗ್ಬುಡೋದು ಕಣವ್ವ. ಮದ್ದಿನ ಮ್ಯಾಲೆ ಗಾಳಿ ಬೀಳ್ಬಾರ್ದು, ಪ್ಲಾಸ್ಟಿಕ್ ಸುತ್ಕ ಅಂದ್ರು. ಬುಟ್ರೆ ಮತ್ತೆ ಏಳೋದು. ಮತ್ತೆ ಹಚ್ಚೋದು. ನಾನೇ ಮಗೀನ ಕರ್ಕಂಡೋದೆ. ನಾನೇ ಆಣೆ ಹಾಕಿಸ್ದೆ.”

“ಡಾಕ್ಟ್ರು ತಗೊಂಡು ಬಾ ಅಂದ ಮೇಲೆ?”

“ತೋರುಸ್ಲಾ ಅಂತ ಅಮ್ನೋರ್ನೇ ಕೇಳಕ್ಕೋದ್ಲು. ಅಮ್ನೋರು ಬಯ್ನಿಲ್ಲ. ಹಳೇದು ಕೆಟ್ಟೋಗಿರ್ತದೆ ಅಂತ ಇಸ್ಕಂಡು ಹೊಸಾ ಡಬ್ಬಿ ಕೊಟ್ರು. ಇದ್ನೇ ತೋರ್ಸು, ಇದ್ನೇ ಹಚ್ಕೊ ಅಂದ್ರಂತೆ.”

“ನೀವು ಯಾವತ್ತಾದರೂ ಬಿಡ್ತೀನಿ ಅಂದಿದ್ದಿರಾ?”

“ಅಂದಿದ್ದೆ. ಧರ್ಮಸ್ಥಳಕ್ಕೆ ಹೊಂಟಿದ್ದೆ. ಒಂದೇ ಸಲಕ್ಕೆ ಬಿಡಬ್ಯಾಡ ಮಾರಿ, ದಿನಾ ಒಂಚೂರು ಒಂಚೂರು ಕಮ್ಮಿ ಮಾಡು, ಇಲ್ದಿದ್ರೆ ಮದ್ದು ಮುನಿಸ್ಕತದೆ ಅಂದ್ರು.”

ಮಧುಶ್ರೀ ಚಲುವಯ್ಯನ ಕಡೆ ತಿರುಗಿದಳು. ಅಷ್ಟರಲ್ಲಿ ಮಾರಮ್ಮ ಗೂಡಿನಿಂದ ತನ್ನ ಡಬ್ಬಿ ತೆಗೆದು ಒಲೆಯ ಬೆಂಕಿಗೆ ಎತ್ತಿದ್ದಳು. ಮಧುಶ್ರೀ ಧಾವಿಸಿ ಅವಳ ಮುಂಗೈ ಹಿಡಿದಳು.

“ಬೇಡ! ಇವತ್ತು ನಿಲ್ಲಿಸಿದರೆ ನೀವೂ ಹೋಗ್ತೀರಿ. ಮೊದಲು ಆಸ್ಪತ್ರೆ. ಅಲ್ಲಿ ಏನು ಹಚ್ಚಿದ್ದು ಅಂತ ಬಾಯಿ ಬಿಟ್ಟು ಹೇಳಬೇಕು.”

ಹಿಡಿದ ಜಾಗದಲ್ಲಿ ಮಧುಶ್ರೀಯ ಬೆರಳಿನ ಗುರುತು ಆಗಲೇ ನೀಲಿಯಾಗಿ ಮೂಡತೊಡಗಿತ್ತು. ಸುರೇಂದ್ರ ಹೇಳಿದ್ದು ನಿಜ. ಅವಳಿಗೆ ನಾಚಿಕೆಯಾಯಿತು.

* * *

ಎರಡು ಡಬ್ಬಿಗಳೂ ಪರೀಕ್ಷೆಗೆ ಹೋದವು. ಒಂದು ಮಾರಮ್ಮನದು, ಒಂದು ಶಾಲಿನಿಯ ದಿಂಬಿನ ಕೆಳಗೆ ಸಿಕ್ಕಿದ್ದು. ಎರಡರದ್ದೂ ಅದೇ ಹಸಿರು ಬಣ್ಣ, ಅದೇ ಸೊಪ್ಪಿನ ವಾಸನೆ. ವರದಿ ಬಂದ ದಿನವೇ ಮಧುಶ್ರೀ ಚಲುವಯ್ಯನ ಜೊತೆ ರಾಜಲಕ್ಷ್ಮಮ್ಮನ ಮನೆಗೆ ಹೋದಳು.

ಜಗಲಿಯಲ್ಲಿ ಐದಾರು ಜನ ತುರಿಸಿಕೊಳ್ಳುತ್ತ ಕಾದಿದ್ದರು. ರಾಜಲಕ್ಷ್ಮಮ್ಮ ನಗುತ್ತ ಬಂದರು.

“ಬನ್ನಿ, ಕೂತ್ಕೊಳಿ. ಅಯ್ಯೋ, ಕೈ ಏನಾಗಿದೆ ನಿಮ್ದು? ನಮ್ಮ ಮದ್ದು ಹಚ್ಚಿ.”

“ಏನು ಹಾಕಿದ್ದೀರಮ್ಮಾ ಅದಕ್ಕೆ?”

“ಹೇಳೋ ಹಾಗಿಲ್ಲವಲ್ಲ.”

“ಹಾಗಾದರೆ ನಾನು ಹೇಳ್ತೀನಿ. ಮಾರಮ್ಮನ ಡಬ್ಬಿಯಲ್ಲಿ ಸೊಪ್ಪು, ಜೇನುಮೇಣ, ಅತಿ ಬಲವಾದ ಸ್ಟಿರಾಯ್ಡ್ ಮುಲಾಮು. ಶಾಲಿನಿಯ ಹೊಸ ಡಬ್ಬಿಯಲ್ಲಿ ಸೊಪ್ಪು, ಜೇನುಮೇಣ. ಅಷ್ಟೇ.”

ರಾಜಲಕ್ಷ್ಮಮ್ಮನ ನಗು ಹಾಗೇ ಇತ್ತು. “ಅವರು ಮೆಡಿಕಲ್ ಶಾಪಿಂದ ತಂದು ಬೆರೆಸಿಕೊಂಡರೆ ನಾನೇನು ಮಾಡ್ಲಿ?”

ಹಿತ್ತಲಿನಿಂದ ಚಲುವಯ್ಯ ಕೂಗಿದ. ಬಚ್ಚಲ ಒಲೆಯ ಬೂದಿಯನ್ನು ಬಾಳೆ ಬುಡಕ್ಕೆ ಸುರಿಯುತ್ತಿದ್ದರು. ಅವನು ಅದನ್ನು ಕೋಲಿನಿಂದ ಕೆದಕಿದ್ದ. ಅಂಗೈ ತುಂಬ ಏನೋ ತಂದು ಜಗಲಿಯ ಮೇಲೆ ಸುರಿದ. ಮುಲಾಮಿನ ಅಲ್ಯೂಮಿನಿಯಂ ಟ್ಯೂಬುಗಳ ಮಡಚಿದ ಬಾಲಗಳು. ಬಣ್ಣ ಸುಟ್ಟುಹೋಗಿತ್ತು, ಲೋಹ ಉಳಿದಿತ್ತು.

ಜಗಲಿಯಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು.

“ಡಾಕ್ಟರ ಚೀಟಿ ಇಲ್ಲದೆ ನಿಮಗೆ ಇದನ್ನ ಕೊಟ್ಟವನನ್ನೂ ಹುಡುಕ್ತೀವಿ,” ಎಂದಳು ಮಧುಶ್ರೀ. “ಬೆರೆಸಿದ್ದು ಒಂದು ತಪ್ಪು. ನಾನು ಬಂದಿರೋದು ಎರಡನೆಯದಕ್ಕೆ. ಡಾಕ್ಟ್ರು ಪರೀಕ್ಷೆ ಮಾಡಿಸಿದರೆ ಗುಟ್ಟು ರಟ್ಟಾಗುತ್ತೆ ಅಂತ ಶಾಲಿನಿಯ ಡಬ್ಬಿ ಬದಲಾಯಿಸಿದ್ರಿ. ಅವಳಿಗೆ ಸ್ಟಿರಾಯ್ಡು ತಟ್ಟನೆ ನಿಂತಿತು.”

“ನಿಂತರೆ ಸಾಯ್ತಾರೆ ಅಂತ ನಂಗೇನು ಗೊತ್ತು? ನಾನು ಓದಿದವಳಾ?”

“ಗೊತ್ತಿತ್ತು. ಬರೀ ಸೊಪ್ಪಿನ ಮದ್ದನ್ನ ಬಿಡೋಕೆ ಯಾರೂ ‘ಒಂಚೂರು ಒಂಚೂರು ಕಮ್ಮಿ ಮಾಡು’ ಅನ್ನಲ್ಲ. ನನ್ನ ಡಾಕ್ಟ್ರು ನನಗೆ ಅದನ್ನೇ ಹೇಳಿದ್ದಾರೆ. ನೀವು ಮಾರಮ್ಮನಿಗೆ ಹೇಳಿದ್ರಿ. ಶಾಲಿನಿಗೆ ಯಾಕೆ ಹೇಳಲಿಲ್ಲ?”

ರಾಜಲಕ್ಷ್ಮಮ್ಮ ಕಂಬಕ್ಕೆ ಒರಗಿದರು. ಅವರ ಮೊದಲ ನೋಟ ಹೋದದ್ದು ಪೊಲೀಸರ ಕಡೆಗಲ್ಲ, ಎದ್ದು ನಿಂತ ಜನರ ಕಡೆಗೆ.

“ಅತ್ತೆಯ ಮದ್ದು ನನ್ನ ಕೈಗೆ ಬಂದ ಮೇಲೆ ಹತ್ತಲೇ ಇಲ್ಲ,” ಎಂದರು. “ಜನ ಬರೋದು ಬಿಟ್ಟರು. ಇದನ್ನ ಹಾಕಿದ ಮೇಲೆ ಕಾಲಿಗೆ ಬಿದ್ದರು. ಹಿಂದೆ ಒಬ್ಬಳು ತಟ್ಟನೆ ಬಿಟ್ಟು ಹಾಸಿಗೆ ಹಿಡಿದಿದ್ದಳು. ಆವಾಗ ಗೊತ್ತಾಯ್ತು.”

“ಶಾಲಿನಿಗೆ?”

“ಹೇಳಿದರೆ, ಕಮ್ಮಿ ಮಾಡ್ತಾ ಹಚ್ಚೋಕೆ ಹಳೇ ಡಬ್ಬಿ ಅವಳ ಕೈಗೇ ಕೊಡಬೇಕಾಗ್ತಿತ್ತು. ಅದು ಡಾಕ್ಟ್ರ ಕೈಗೆ ಹೋಗ್ತಿತ್ತು.”

ಇಷ್ಟು ತಣ್ಣಗೆ ಹೇಳಿದ ಮಾತನ್ನು ಮಧುಶ್ರೀ ತನ್ನ ನೌಕರಿಯಲ್ಲಿ ಕೇಳಿರಲಿಲ್ಲ. ಮಾನ ಉಳಿಸಿಕೊಳ್ಳಲು ಒಂದು ಜೀವ ಕೊಟ್ಟಿದ್ದರು, ಅದೂ ತಮ್ಮದಲ್ಲ. ಅವಳು ಜಗಲಿಯ ಜನರತ್ತ ತಿರುಗಿದಳು.

“ಹಚ್ಚುತ್ತಿರೋರು ಯಾರೂ ಇವತ್ತೇ ಬಿಸಾಡಬೇಡಿ. ಡಬ್ಬಿ ತಗೊಂಡು ಸೀದಾ ಆಸ್ಪತ್ರೆಗೆ ನಡೀರಿ.”

* * *

ಸುರೇಂದ್ರ ಬಿಡುಗಡೆಯಾದ ದಿನ ಆಸ್ಪತ್ರೆಗೆ ಬಂದ. ವಾರ್ಡಿನ ಬಾಗಿಲಲ್ಲಿ ನಿಂತ, ಒಳಗೆ ಬರಲಿಲ್ಲ. ಮಾರಮ್ಮ ಅವನನ್ನು ನೋಡಿ ಎದ್ದು ಕೂತಳು. ಕ್ಷಮಿಸು ಅನ್ನುವ ಮಾತು ಅವಳ ಬಾಯಿಗೆ ಬರಲಿಲ್ಲ. ಅವನು ತಂದಿದ್ದ ಬಿಸಿನೀರಿನ ಫ್ಲಾಸ್ಕನ್ನು ಬಾಗಿಲ ಪಕ್ಕ ಇಟ್ಟು ಹೊರಗಿನ ಬೆಂಚಿನ ಮೇಲೆ ಕೂತ.

ನರ್ಸು ಮಾತ್ರೆ ತಂದಳು. “ನುಂಗಿ ಅಜ್ಜಿ.”

ಮಾರಮ್ಮ ಕೈ ಚಾಚಲಿಲ್ಲ.

“ಇದ್ರ ಹೆಸ್ರೇನವ್ವ?”

ನರ್ಸು ಹೇಳಿದಳು.

“ಇನ್ನೊಂದ್ಸಲ. ಗಟ್ಟಿಯಾಗೇಳು. ಅವ್ನಿಗೂ ಕೇಳುಸ್ಲಿ.”